ರಾಜಿ ಬೇರೆ, ಬಾಯಿ ಮುಚ್ಚಿಸುವುದು ಬೇರೆ

ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ಮಕ್ಕಳ ನೋಟ್‌ಪುಸ್ತಕ ತಿದ್ದುತ್ತಾ ಕುಳಿತಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಚಹಾ ಕೊಟ್ಟರೂ ಲೋಟ ಮುಟ್ಟಲಿಲ್ಲ.

"ಟೀಚರ್, ನಾನೂ ಇನ್ನೊಬ್ಬ ಮಾಸ್ತರರೂ ಒಂದೇ ತಿಂಗಳಲ್ಲಿ ಸೇರಿದವರು. ಇಬ್ಬರದೂ ಒಂದೇ ಓದು. ಪಿರಿಯಡ್ ಕೂಡಾ ಅಷ್ಟೇ. ಅವರಿಗೆ ಹನ್ನೊಂದು ಸಾವಿರ, ನನಗೆ ಎಂಟು ಸಾವಿರ. ಕೇಳಿದರೆ, 'ಅವರಿಗೆ ಸಂಸಾರ ನಡೆಸಬೇಕು, ನಿಮಗೆ ಗಂಡ ದುಡಿಯುತ್ತಾನಲ್ಲ' ಎನ್ನುತ್ತಾರೆ" ಎಂದಳು. ಅವಳ ಗಂಡನಿಗೆ ಆಗ ಸರಿಯಾದ ಕೆಲಸವೇ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಅವಳು ದೂರು ಬರೆಯಲು ಹೊರಟಿದ್ದಳು. ಸುದ್ದಿ ಹೇಗೆ ತಿಳಿಯಿತೋ, ಎರಡು ದಿನಗಳಲ್ಲಿ ಆ ಶಾಲೆಯ ಆಡಳಿತ ಸಮಿತಿಯ ಹಿರಿಯರೊಬ್ಬರು ಹಣ್ಣಿನ ಚೀಲ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ನನ್ನ ತಂದೆಯ ಕಾಲದಿಂದಲೂ ಪರಿಚಿತರು. "ಹುಡುಗಿಗೆ ಸ್ವಲ್ಪ ಬುದ್ಧಿ ಹೇಳಿ. ನಾವೆಲ್ಲ ಒಂದೇ ಮನೆಯವರ ಹಾಗೆ. ಮಾರ್ಚ್‌ನಲ್ಲಿ ನೋಡಿ ಸರಿಮಾಡೋಣ" ಎಂದರು. ನಾನು ಅವಳನ್ನು ಕರೆಸಿ ಸಹನೆಯ ಪಾಠ ಹೇಳಿದೆ. ಶಾಲೆಯ ಹೆಸರು ಹಾಳಾಗಬಾರದು, ಹಿರಿಯರು ಮಾತು ಕೊಟ್ಟಿದ್ದಾರೆ, ಸ್ವಲ್ಪ ಕಾಯಿ ಎಂದೆ. ಅವಳು ನನ್ನ ಮಾತಿಗೆ ಬೆಲೆಕೊಟ್ಟು ಸುಮ್ಮನಾದಳು.

ಮಾರ್ಚ್ ಬಂತು. "ಈ ವರ್ಷ ಅಡ್ಮಿಷನ್ ಕಡಿಮೆ, ಮುಂದಿನ ವರ್ಷ ನೋಡೋಣ" ಎಂಬ ಉತ್ತರವೂ ಬಂತು. ಮೇ ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು. ಕೊನೆಯ ಬಾರಿ ಭೇಟಿಯಾದಾಗ ಅವಳು ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ ಪ್ರಶ್ನೆ ಇದು: "ಟೀಚರ್, ನೀವು ಮಾಡಿಸಿದ್ದು ರಾಜಿಯಲ್ಲವೇ? ರಾಜಿಯಲ್ಲಿ ಎರಡೂ ಕಡೆಯವರಿಗೆ ಏನಾದರೂ ಸಿಗಬೇಕಲ್ಲ. ನನಗೇನು ಸಿಕ್ಕಿತು?"

ನನ್ನ ಬಳಿ ಉತ್ತರವಿರಲಿಲ್ಲ. ಈ ತಿಂಗಳ ಅಂಕಣ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

ಸುಲ್ಹ್ ಎಂದರೇನು?

ಮದ್ರಸದಲ್ಲಿ ಅರಬಿ ಕಲಿಯುವಾಗ ಒಂದು ಪದದ ಬೇರು ಹಿಡಿದು ಅದರ ಕೊಂಬೆಗಳನ್ನು ಹುಡುಕುವ ಅಭ್ಯಾಸ ಮಾಡಿಸುತ್ತಿದ್ದರು. ರಾಜಿ ಎಂಬ ಅರ್ಥದ 'ಸುಲ್ಹ್' ಮತ್ತು ಸುಧಾರಣೆ ಎಂಬ ಅರ್ಥದ 'ಇಸ್ಲಾಹ್' ಎರಡೂ ಒಂದೇ ಬೇರಿನಿಂದ ಬಂದವು. ಕೆಟ್ಟದ್ದನ್ನು ಸರಿಪಡಿಸುವುದು ಎಂಬುದೇ ಆ ಬೇರಿನಲ್ಲಿರುವ ಅರ್ಥ. ಗೋಡೆ ಬಿರುಕು ಬಿಟ್ಟಾಗ ಗಾರೆ ಹಾಕಿ ಮುಚ್ಚುವುದು ಸರಿಪಡಿಸುವಿಕೆ. ಬಿರುಕಿನ ಮುಂದೆ ಕ್ಯಾಲೆಂಡರ್ ತೂಗುಹಾಕುವುದು ಸರಿಪಡಿಸುವಿಕೆಯಲ್ಲ. ನಾನು ಅಂದು ತೂಗುಹಾಕಿದ್ದು ಕ್ಯಾಲೆಂಡರ್.

ಹಾಗಾದರೆ ಮಾತುಕತೆಯೇ ಬೇಡವೇ? ಪ್ರತಿಯೊಂದಕ್ಕೂ ಕೋರ್ಟಿಗೆ ಹೋಗಬೇಕೇ? ಖಂಡಿತ ಇಲ್ಲ. ತಾರತಮ್ಯಕ್ಕೆ ಒಳಗಾದ ಹೆಚ್ಚಿನ ಸಹೋದರಿಯರಿಗೆ ಬೇಕಾಗಿರುವುದು ಎದುರಿನವನಿಗೆ ಶಿಕ್ಷೆಯಲ್ಲ. ಸರಿಯಾದ ಸಂಬಳ ಬೇಕು, ಕಸಿದುಕೊಂಡ ಜಾಗ ಮರಳಿ ಬೇಕು, ನಾಳೆಯೂ ಅದೇ ಬಾಗಿಲಿನಿಂದ ತಲೆಯೆತ್ತಿ ಒಳಗೆ ಹೋಗುವಂತಾಗಬೇಕು. ಅದು ನಾಲ್ಕು ಮಾತಿನಲ್ಲಿ ಆಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಕಾನೂನಿನ ದಾರಿ ಎಷ್ಟು ಉದ್ದವಿರುತ್ತದೆ ಎಂಬುದಕ್ಕೆ ಒಂದು ನಿಜವಾದ ಉದಾಹರಣೆ ಹೇಳುತ್ತೇನೆ.

ಆಡ್ರೆ ಡಿಕೋಸ್ತಾ ಅವರ ಹತ್ತು ವರ್ಷ

ಆಡ್ರೆ ಡಿಕೋಸ್ತಾ ಎಂಬವರು ಮುಂಬೈಯ ಮೆಕಿನಾನ್ ಮೆಕೆಂಜಿ ಎಂಬ ಕಂಪೆನಿಯಲ್ಲಿ ಸ್ಟೆನೋಗ್ರಾಫರ್ ಆಗಿದ್ದರು. ಅಲ್ಲಿ ಮಹಿಳಾ ಸ್ಟೆನೋಗ್ರಾಫರ್‌ಗಳಿಗೆ ಪುರುಷ ಸ್ಟೆನೋಗ್ರಾಫರ್‌ಗಳಿಗಿಂತ ಕಡಿಮೆ ಸಂಬಳವಿತ್ತು. 1977ರಲ್ಲಿ ಅವರ ಕೆಲಸ ಹೋಯಿತು. 1976ರ ಸಮಾನ ವೇತನ ಕಾಯ್ದೆಯಡಿ ಅವರು ಬಾಕಿ ಸಂಬಳ ಕೇಳಿ ಅರ್ಜಿ ಹಾಕಿದರು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1987ರಲ್ಲಿ. ಗೆದ್ದರು ನಿಜ, ಆದರೆ ಹತ್ತು ವರ್ಷ ಸಂದಿತ್ತು.

ಆ ಮೊಕದ್ದಮೆಯಲ್ಲಿ ಕಂಪೆನಿ ಹೇಳಿದ ವಾದಗಳನ್ನು ಗಮನಿಸಿ. ಒಂದು, ಈ ಸಂಬಳ ನೌಕರರ ಸಂಘದೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರಕಾರ ಇದೆ. ಇನ್ನೊಂದು, ಎಲ್ಲರಿಗೂ ಸಮಾನವಾಗಿ ಕೊಡುವ ಆರ್ಥಿಕ ಶಕ್ತಿ ನಮಗಿಲ್ಲ. ಸುಪ್ರೀಂ ಕೋರ್ಟ್ ಎರಡನ್ನೂ ಒಪ್ಪಲಿಲ್ಲ. ಒಪ್ಪಂದವಾಗಿದೆ ಎಂಬ ಕಾರಣಕ್ಕೆ ಕಾನೂನು ಕೊಟ್ಟ ಹಕ್ಕು ಇಲ್ಲದಾಗುವುದಿಲ್ಲ, ಹಣವಿಲ್ಲ ಎಂಬ ಕಾರಣಕ್ಕೆ ಹೆಣ್ಣಿಗೆ ಕಡಿಮೆ ಕೊಡುವಂತಿಲ್ಲ ಎಂದಿತು.

ನನ್ನ ವಿದ್ಯಾರ್ಥಿನಿಗೆ ಹೇಳಿದ "ಅಡ್ಮಿಷನ್ ಕಡಿಮೆ" ಎಂಬ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸುಮಾರು ಮೂವತ್ತು ವರ್ಷ ಮೊದಲೇ ದೇಶದ ಅತ್ಯುನ್ನತ ನ್ಯಾಯಾಲಯ ತಿರಸ್ಕರಿಸಿದ್ದ ನೆಪವನ್ನು ನಾವು ಚಹಾ ಕುಡಿಯುತ್ತಾ ಒಪ್ಪಿಕೊಂಡಿದ್ದೆವು. ನನ್ನ ಬಿ.ಎ. ಪದವಿ ಅಂದು ನನ್ನ ಉಪಯೋಗಕ್ಕೆ ಬರಲಿಲ್ಲ.

ಆ ಹಳೆಯ ಕಾಯ್ದೆಯ ಜಾಗದಲ್ಲಿ ಈಗ 2019ರ ವೇತನ ಸಂಹಿತೆ ಇದೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಒಂದೇ ಅಥವಾ ಅದೇ ಸ್ವರೂಪದ ಕೆಲಸಕ್ಕೆ ಹೆಣ್ಣು ಗಂಡೆಂಬ ಕಾರಣಕ್ಕೆ ಸಂಬಳದಲ್ಲಿ ಭೇದ ಮಾಡಬಾರದು ಎಂಬ ನಿಯಮ ಅದರಲ್ಲೂ ಉಳಿದಿದೆ. ಅದರಡಿ ಬಾಕಿ ಕೇಳಲು ಮೂರು ವರ್ಷಗಳ ಅವಕಾಶವಿದೆ. ಆದ್ದರಿಂದ ಮಾತುಕತೆಗೆ ಕೂರುವ ಮೊದಲು ತಿಳಿದಿರಬೇಕಾದ ಮೊದಲ ಸಂಗತಿ ಇದು: ಕಾನೂನು ನಿಮಗೆ ಏನು ಕೊಡುತ್ತದೆಯೋ ಅದು ಮಾತುಕತೆಯ ನೆಲ. ರಾಜಿ ಅದರ ಮೇಲೆ ನಿಲ್ಲಬೇಕೇ ಹೊರತು ಅದಕ್ಕಿಂತ ಕೆಳಗೆ ಇಳಿಯಬಾರದು.

ಮಾತು ಕೆಲಸ ಮಾಡಿದ ಒಂದು ಕಡೆ

ಮಾತುಕತೆಯಿಂದಲೇ ಸರಿಯಾದ ಘಟನೆಯನ್ನೂ ನಾನು ಕಂಡಿದ್ದೇನೆ. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಬಟ್ಟೆ ಅಂಗಡಿಯೊಂದರ ಕೌಂಟರಿನಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಮದುವೆಯ ನಂತರ ತಲೆವಸ್ತ್ರ ಧರಿಸಿ ಬರತೊಡಗಿದಳು. ಒಂದು ವಾರದಲ್ಲಿ ಅವಳನ್ನು ಹಿಂದಿನ ಗೋಡೌನಿಗೆ ಹಾಕಿದರು. "ಸಂಬಳ ಅಷ್ಟೇ ಇದೆಯಲ್ಲ" ಎಂದರು. ಸಂಬಳ ಅಷ್ಟೇ ಇತ್ತು, ಆದರೆ ಕೌಂಟರಿನ ಮಾರಾಟಕ್ಕೆ ಸಿಗುತ್ತಿದ್ದ ಕಮಿಷನ್ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಗಿರಾಕಿಗಳು ಹೆಸರು ಹಿಡಿದು ಕರೆಯುತ್ತಿದ್ದ ಅವಳು ಪೆಟ್ಟಿಗೆಗಳ ನಡುವೆ ಒಬ್ಬಳೇ ಆದಳು.

ಸಂವಿಧಾನದ 15 ಮತ್ತು 16ನೇ ವಿಧಿಗಳು ಸರಕಾರ ಧರ್ಮದ ಹೆಸರಿನಲ್ಲಿ ಭೇದ ಮಾಡುವುದನ್ನು ತಡೆಯುತ್ತವೆ. ಆದರೆ ಖಾಸಗಿ ಕೆಲಸದಲ್ಲಿ ಧರ್ಮದ ಕಾರಣಕ್ಕೆ ಆಗುವ ತಾರತಮ್ಯವನ್ನು ತಡೆಯುವ ಸಮಗ್ರ ಕಾನೂನು ನಮ್ಮ ದೇಶದಲ್ಲಿ ಇನ್ನೂ ಇಲ್ಲ. ಇಂತಹ ದೂರುಗಳನ್ನು ಕೇಳಲು ಸಮಾನ ಅವಕಾಶ ಆಯೋಗವೊಂದು ಬೇಕೆಂದು 2006ರಲ್ಲೇ ಸಾಚಾರ್ ಸಮಿತಿ ಶಿಫಾರಸು ಮಾಡಿತ್ತು. ಅದು ಇಂದಿಗೂ ರೂಪುಗೊಂಡಿಲ್ಲ. ಹೀಗೆ ಕಾನೂನಿನ ಕೈ ಗಿಡ್ಡವಾಗಿರುವಲ್ಲಿ ಮಾತಿನ ಕೈಯನ್ನು ಬಳಸಲೇಬೇಕಾಗುತ್ತದೆ.

ಅವಳು ಏನು ಮಾಡಿದಳು? ಅಂಗಡಿಯಲ್ಲಿ ಜನ ಕಡಿಮೆ ಇರುವ ದಿನ ನೋಡಿ, ಹದಿನೈದು ವರ್ಷದಿಂದ ಅಲ್ಲೇ ಇದ್ದ ಕ್ಯಾಷಿಯರ್ ಅಕ್ಕನನ್ನು ಜೊತೆಗೆ ಕರೆದುಕೊಂಡು ಮಾಲಕರ ಬಳಿ ಹೋದಳು. ಆ ಅಕ್ಕ ನಮ್ಮ ಸಮುದಾಯದವರಲ್ಲ, ಆದರೆ ಅವಳ ಕೆಲಸ ಕಂಡವರು. ಅಳಲಿಲ್ಲ, ಆರೋಪ ಹೊರಿಸಲಿಲ್ಲ. ಮೂರೇ ಮಾತು: "ಇಂಥ ತಾರೀಕಿನಿಂದ ನನ್ನನ್ನು ಗೋಡೌನಿಗೆ ಹಾಕಿದ್ದೀರಿ. ಅಲ್ಲಿಂದ ನನಗೆ ತಿಂಗಳಿಗೆ ಇಷ್ಟು ಕಮಿಷನ್ ಹೋಗಿದೆ. ನನ್ನನ್ನು ಮತ್ತೆ ಕೌಂಟರಿಗೆ ಹಾಕಬೇಕು." ನಂತರ ಒಂದು ಪ್ರಶ್ನೆ: "ಯಾರಾದರೂ ಗಿರಾಕಿ ನನ್ನ ಬಗ್ಗೆ ದೂರು ಹೇಳಿದ್ದಾರೆಯೇ?"

ಯಾರೂ ಹೇಳಿರಲಿಲ್ಲ. ಹೇಳಬಹುದೆಂದು ಮಾಲಕರು ತಾವೇ ಊಹಿಸಿಕೊಂಡಿದ್ದರು. ಒಂದು ತಿಂಗಳು ನೋಡೋಣ ಎಂದು ಕೌಂಟರಿಗೆ ಕಳುಹಿಸಿದರು. ಅಂದು ರಾತ್ರಿಯೇ ಅವಳು ಮಾಲಕರಿಗೆ ವಾಟ್ಸ್‌ಆ್ಯಪಿನಲ್ಲಿ ಒಂದು ಸಂದೇಶ ಕಳುಹಿಸಿದಳು: "ಇಂದು ಮಾತಾಡಿದಂತೆ ನಾಳೆಯಿಂದ ಕೌಂಟರಿಗೆ ಬರುತ್ತೇನೆ, ಮುಂದಿನ ತಿಂಗಳು ಇದೇ ತಾರೀಕಿಗೆ ಮತ್ತೆ ಮಾತಾಡೋಣ. ಧನ್ಯವಾದಗಳು." ಅವರು "ಸರಿ" ಎಂದು ಉತ್ತರಿಸಿದರು. ಆ ಎರಡಕ್ಷರದ ಉತ್ತರ ನನ್ನ ಹಿರಿಯರ ಹಣ್ಣಿನ ಚೀಲಕ್ಕಿಂತ ಎಷ್ಟೋ ಭಾರವಾಗಿತ್ತು. ಅವಳು ಈಗಲೂ ಕೌಂಟರಿನಲ್ಲೇ ಇದ್ದಾಳೆ.

ಎರಡು ಘಟನೆಗಳ ನಡುವಿನ ವ್ಯತ್ಯಾಸ

ಎರಡೂ ಕಡೆ ಕೋರ್ಟಿಲ್ಲ, ಪೊಲೀಸರಿಲ್ಲ, ಮಾತುಕತೆ ಮಾತ್ರ. ಆದರೂ ಒಂದರಲ್ಲಿ ಕೆಲಸ ಹೋಯಿತು, ಇನ್ನೊಂದರಲ್ಲಿ ಕೆಲಸ ಉಳಿಯಿತು. ಏಕೆ?

ಮೊದಲನೆಯದರಲ್ಲಿ ಮಾತುಕತೆ ಬೇಕೆಂದವರು ಶಾಲೆಯವರು. ಎರಡನೆಯದರಲ್ಲಿ ಅದನ್ನು ಬಯಸಿದ್ದು ನೊಂದವಳೇ. ಮೊದಲನೆಯದರಲ್ಲಿ ಅವಳ ಪರವಾಗಿ ನಾನು ಮಾತನಾಡಿದೆ, ಅದೂ ಅವಳ ಬೆನ್ನ ಹಿಂದೆ. ಎರಡನೆಯದರಲ್ಲಿ ಅವಳೇ ಮಾತನಾಡಿದಳು, ಜೊತೆಗಿದ್ದವರು ಬರೀ ಸಾಕ್ಷಿ. ಮೊದಲನೆಯದರಲ್ಲಿ "ನೋಡೋಣ" ಎಂಬ ಮಾತಿತ್ತು. ಎರಡನೆಯದರಲ್ಲಿ ತಾರೀಕಿತ್ತು, ಬರಹವಿತ್ತು.

ಆದ್ದರಿಂದ ಮಾತಿಗೆ ಹೋಗುವ ಸಹೋದರಿಯರು ಇಷ್ಟನ್ನು ಸಿದ್ಧಮಾಡಿಕೊಳ್ಳಿ. ಒಂದು ಪುಸ್ತಕದಲ್ಲಿ ಏನಾಯಿತು, ಯಾವ ದಿನ, ಯಾರಿದ್ದರು, ಯಾವ ಮಾತು ಹೇಳಿದರು ಎಂದು ಆಗಿಂದಾಗ್ಗೆ ಬರೆದಿಡಿ. ನೆನಪು ಮಾಸುತ್ತದೆ, ಬರಹ ಮಾಸುವುದಿಲ್ಲ. ನಿಮಗೆ ಏನು ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಲು ಕಲಿಯಿರಿ. "ನನಗೆ ಅನ್ಯಾಯವಾಗಿದೆ" ಎಂಬುದಕ್ಕೆ ಎದುರಿನವರು ಸಮಾಧಾನ ಹೇಳಿ ಕಳುಹಿಸಬಹುದು. "ಜೂನ್‌ನಿಂದ ನನಗೂ ಅದೇ ಸಂಬಳ ಬೇಕು" ಎಂಬುದಕ್ಕೆ ಹೌದು ಅಥವಾ ಇಲ್ಲ ಎನ್ನಲೇಬೇಕು. ಮೊದಲ ಮಾತು ನಿರ್ಧಾರ ತೆಗೆದುಕೊಳ್ಳಬಲ್ಲವರ ಜೊತೆಗೇ ಆಗಲಿ. ಒಬ್ಬರು ವಿಶ್ವಾಸಿಗರು ಜೊತೆಗಿರಲಿ. ಹತ್ತು ಮಂದಿ ನುಗ್ಗಿದರೆ ಅದು ಮಾತುಕತೆಯಲ್ಲ, ಮೆರವಣಿಗೆ. ಒಪ್ಪಿದ್ದನ್ನು ಅಂದೇ ಬರೆದು ಕಳುಹಿಸಿ. ಅವರು ಏನಾದರೂ ಕಾಗದಕ್ಕೆ ಸಹಿ ಕೇಳಿದರೆ ಮನೆಗೆ ತಂದು ಓದಿಸಿ, ನಂತರ ಸಹಿ ಮಾಡಿ.

ಇನ್ನೊಂದು ಉಪಯೋಗದ ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 15100 ಸಂಖ್ಯೆಗೆ ಕರೆ ಮಾಡಿದರೂ ಸಲಹೆ ಸಿಗುತ್ತದೆ. ಮೊಕದ್ದಮೆ ಹೂಡುವ ಮೊದಲೇ ವಿಷಯವನ್ನು ಲೋಕ ಅದಾಲತ್‌ಗೆ ಒಯ್ಯಲೂಬಹುದು. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ. ಅಂದರೆ ರಾಜಿಯೂ ಬೇಕು, ಅದು ಮುರಿಯಬಾರದು ಎನ್ನುವವರಿಗೆ ಇದೊಂದು ನಡುದಾರಿ.

ಮಾತಿಗೆ ಒಪ್ಪಿಸಬಾರದ ವಿಷಯಗಳು

ಎಲ್ಲ ದೂರುಗಳೂ ಚಾಪೆಯ ಮೇಲೆ ಕುಳಿತು ಮುಗಿಸುವಂಥವಲ್ಲ. ಮೈಮೇಲೆ ಕೈಹಾಕಿದ್ದು, ಬೆದರಿಕೆ, ಹಲ್ಲೆ, ಜಾತಿ ಹಿಡಿದು ಬೈದು ಅವಮಾನಿಸಿದ್ದು, ಇವು ಅಪರಾಧಗಳು. ಇವುಗಳನ್ನು ಊರ ಹಿರಿಯರು ಕುಳಿತು ಮುಗಿಸಿಬಿಡುವುದು ಅಪರಾಧಿಗೆ ಮಾಡಿದ ಸಹಾಯವಾಗುತ್ತದೆ.

ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿಷಯದಲ್ಲಿ ಕಾನೂನೇ ರಾಜಿಗೆ ಬೇಲಿ ಹಾಕಿದೆ. ಇಂತಹ ಕಿರುಕುಳ ಸಮಾನತೆಯ ಹಕ್ಕಿನ ಉಲ್ಲಂಘನೆ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ವಿಶಾಖಾ ಪ್ರಕರಣದಲ್ಲಿ ಹೇಳಿತು. ನಂತರ 2013ರಲ್ಲಿ ಕಾಯ್ದೆ ಬಂತು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ಜಾಗಗಳವರಿಗೆ, ಮನೆಗೆಲಸದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ವಿಚಾರಣೆಗೆ ಮುನ್ನ ಸಂಧಾನ ಮಾಡಬಹುದು ಎಂದು ಕಾಯ್ದೆಯ 10ನೇ ಕಲಂ ಹೇಳುತ್ತದೆ. ಆದರೆ ಅದನ್ನು ಕೇಳಬೇಕಾದವಳು ನೊಂದ ಮಹಿಳೆಯೇ. ಹಣ ಕೊಟ್ಟು ಮುಗಿಸುವುದನ್ನು ಸಂಧಾನದ ಆಧಾರ ಮಾಡುವಂತಿಲ್ಲ. ಆದದ್ದನ್ನು ಸಮಿತಿ ಬರಹದಲ್ಲಿ ದಾಖಲಿಸಿ ಇಬ್ಬರಿಗೂ ಪ್ರತಿ ಕೊಡಬೇಕು. ಎದುರಿನವನು ಅದನ್ನು ಪಾಲಿಸದಿದ್ದರೆ ವಿಚಾರಣೆ ಮುಂದುವರಿಯುತ್ತದೆ.

ಗಮನಿಸಿದಿರಾ? ನೊಂದವಳ ಇಚ್ಛೆ, ಬರಹ, ಮಾತು ಮುರಿದರೆ ಮುಂದಿನ ದಾರಿ. ಬಟ್ಟೆ ಅಂಗಡಿಯ ಹುಡುಗಿ ಯಾವ ಕಾನೂನೂ ಓದದೆ ಇವನ್ನೇ ಪಾಲಿಸಿದ್ದಳು.

ಈ ಕಾಯ್ದೆಯಡಿ ದೂರು ಕೊಡಲು ಘಟನೆಯಾದ ದಿನದಿಂದ ಮೂರು ತಿಂಗಳ ಅವಧಿ ಇದೆ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು. "ನೋಡೋಣ, ಮಾತಾಡೋಣ" ಎನ್ನುವವರಲ್ಲಿ ಕೆಲವರು ಈ ದಿನಗಳು ಕಳೆಯಲೆಂದೇ ಹಾಗೆನ್ನುತ್ತಾರೆ. ಮಾತುಕತೆ ನಡೆಯುತ್ತಿರಲಿ, ಗೋಡೆಯ ಕ್ಯಾಲೆಂಡರಿನಲ್ಲಿ ಕೊನೆಯ ದಿನಕ್ಕೆ ಗುರುತು ಹಾಕಿಡಿ. ಕ್ಯಾಲೆಂಡರಿನ ನಿಜವಾದ ಉಪಯೋಗ ಅದು.

ದೂರು ನಮ್ಮ ಬಾಗಿಲಿಗೇ ಬಂದಾಗ

ಇಲ್ಲಿಯವರೆಗೆ ನಾವೆಲ್ಲ ನೊಂದವರ ಜಾಗದಲ್ಲಿ ನಿಂತು ಓದಿದೆವು. ಒಮ್ಮೆ ಆಚೆ ಕಡೆ ನಿಂತೂ ನೋಡಬೇಕು. ನಮ್ಮಲ್ಲೂ ಅಂಗಡಿ ಮಾಲಕರಿದ್ದಾರೆ, ಶಾಲೆ ನಡೆಸುವವರಿದ್ದಾರೆ. ಎಷ್ಟೋ ಮನೆಗಳಲ್ಲಿ ಕೆಲಸಕ್ಕೆ ಬರುವವಳಿದ್ದಾಳೆ. ಅವಳಿಗೆಂದೇ ಸಿಂಕಿನ ಕೆಳಗೆ ಬೇರೆ ಲೋಟ ಇಟ್ಟಿರುವ ಅಡುಗೆಮನೆಗಳನ್ನು ನಾನು ನೋಡಿದ್ದೇನೆ. ಮದುವೆ ಮನೆಯಲ್ಲಿ ಅಡುಗೆ ಪಾತ್ರೆ ತೊಳೆಯಲು ಬಂದ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಇನ್ನೊಂದು ಕೂಲಿ ಕೊಟ್ಟು "ರೂಢಿ" ಎಂದದ್ದನ್ನೂ ಕೇಳಿದ್ದೇನೆ. ನಮಗೆ ಅಂಗಡಿಯ ಗೋಡೌನ್ ಅನ್ಯಾಯವಾಗಿ ಕಾಣುವುದಾದರೆ ಸಿಂಕಿನ ಕೆಳಗಿನ ಲೋಟವೂ ಕಾಣಬೇಕು.

ಅವಳು ಒಂದು ದಿನ ಧೈರ್ಯ ಮಾಡಿ ಕೇಳಿದರೆ ನಾವು ಏನು ಮಾಡಬೇಕು? ಮೊದಲು ಮಾತು ಮುಗಿಯುವವರೆಗೆ ಕೇಳಬೇಕು. "ನಾವು ನಿನ್ನನ್ನು ಮನೆಯವಳಂತೆ ನೋಡಿಕೊಂಡಿದ್ದೇವಲ್ಲ" ಎಂದು ಅವಳ ಬಾಯಿ ಕಟ್ಟಬಾರದು. ಮನೆಯವಳ ಲೋಟ ಸಿಂಕಿನ ಕೆಳಗಿರುವುದಿಲ್ಲ. ಸರಿಪಡಿಸುವುದನ್ನು ಅಂದೇ ಸರಿಪಡಿಸಬೇಕು. ಕೇಳಿದ್ದಕ್ಕಾಗಿ ನಾಳೆಯಿಂದ ಮುಖ ಗಂಟು ಹಾಕಬಾರದು, ಬೇರೆ ಮನೆಗಳಲ್ಲಿ ಅವಳ ಬಗ್ಗೆ ಹೇಳಿ ಕೆಲಸ ಕೆಡಿಸಬಾರದು. ಅನೌಪಚಾರಿಕ ರಾಜಿ ಅತ್ಯಂತ ಸುಲಭವಾಗಿ ಸಾಧ್ಯವಾಗುವುದು ಬಲ ಇರುವವರು ಮೊದಲು ಬಗ್ಗಿದಾಗ.

ಮಧ್ಯಸ್ಥಿಕೆ ವಹಿಸುವ ಹಿರಿಯರಿಗೂ, ನನ್ನಂಥ ಶಿಕ್ಷಕಿಯರಿಗೂ ಒಂದು ಮಾತು. ಜಗಳ ನಿಂತಿತು ಎಂಬುದು ಸಾಲದು. ಎದ್ದು ಹೋಗುವ ಮೊದಲು ನೊಂದವಳನ್ನು ಬೇರೆಯಾಗಿ ಕರೆದು, "ನಿನಗೇನು ಸಿಕ್ಕಿತು?" ಎಂದು ಕೇಳಿ. ಅವಳು ನೆಲ ನೋಡಿದರೆ ರಾಜಿ ಇನ್ನೂ ಆಗಿಲ್ಲ.

ನನ್ನ ಆ ವಿದ್ಯಾರ್ಥಿನಿ ಈಗ ಬೇರೆ ಊರಿನಲ್ಲಿದ್ದಾಳೆ, ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಕಳೆದ ವರ್ಷ ಫೋನ್ ಮಾಡಿ ಕ್ಷಮೆ ಕೇಳಿದೆ. ಅವಳು ನಕ್ಕು, "ಅದೆಲ್ಲ ಮರೆತಿದ್ದೇನೆ ಟೀಚರ್" ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, "ಆ ಮಾಸ್ತರರಿಗೆ ಈಗ ಎಷ್ಟು ಸಂಬಳವಂತೆ?" ಎಂದು ಕೇಳಿದಳು.

ಅವಳು ಮರೆತಿಲ್ಲ. ನಾನೂ ಮರೆಯಬಾರದು.